ಮಗುವಿನ ಯೋಚನೆ, ತರಗತಿಯ ತಪ್ಪು

“ಶಾಲೇಲಿ ಎಲ್ಲರೂ ನನ್ನನ್ನ ಹಂಗಿಸ್ತಾರೆ” ಎಂದು ಹನ್ನೆರಡು ವರ್ಷದ ಮಗು ಮನೆಗೆ ಬಂದು ಹೇಳಿದರೆ ನಮ್ಮ ಬಾಯಿಂದ ಸಾಮಾನ್ಯವಾಗಿ ಬರುವ ಉತ್ತರ ಎರಡೇ. “ತಲೆಗೆ ಹಚ್ಕೋಬೇಡ” ಎನ್ನುತ್ತೇವೆ, ಇಲ್ಲವೇ “ನೀನೂ ಎರಡು ಬಿಡು” ಎನ್ನುತ್ತೇವೆ. ಎರಡೂ ಉತ್ತರಗಳಲ್ಲಿ ಹೊಣೆ ಮಗುವಿನದೇ. ಹೇಳಿ ಪ್ರಯೋಜನವಿಲ್ಲವೆಂದು ಕಂಡುಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತದೆ, ಅಷ್ಟೇ.

ಇಂಥ ಮಕ್ಕಳೊಂದಿಗೆ ಆಪ್ತಸಮಾಲೋಚಕರು ಹೆಚ್ಚಾಗಿ ಬಳಸುವ ವಿಧಾನಗಳಲ್ಲೊಂದು ಸಿಬಿಟಿ, ಅಂದರೆ ಅರಿವು-ವರ್ತನೆ ಚಿಕಿತ್ಸೆ. ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತ ರೂಪಿಸಿದ ದಾರಿ ಅದು. ನಡೆದ ಸಂಗತಿಗೂ ಅದು ತರುವ ದುಃಖಕ್ಕೂ ನಡುವೆ ಒಂದು ಯೋಚನೆ ಮಿಂಚಿ ಮಾಯವಾಗುತ್ತದೆ, ರೋಗಿ ಅದನ್ನು ಪ್ರಶ್ನಿಸದೆ ನಂಬಿಬಿಡುತ್ತಾನೆ ಎಂಬುದು ಬೆಕ್ ಗಮನಿಸಿದ ವಿಷಯ. ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ಕಾಗದದ ಮೇಲೆ ಬರೆಸಿ, ಪುರಾವೆ ಕೇಳುವುದೇ ಚಿಕಿತ್ಸೆಯ ತಿರುಳು. ಏನಾಯಿತು, ಆಗ ಏನನ್ನಿಸಿತು, ಮನಸ್ಸಿಗೆ ಹೇಗಾಯಿತು, ಹಾಗನ್ನಿಸಿದ್ದಕ್ಕೆ ಆಧಾರವೇನು: ಹಾಳೆಯಲ್ಲಿ ಇಷ್ಟು ಕಾಲಂಗಳಿದ್ದರೆ ಸಾಕು.

ಪರೀಕ್ಷೆಗೆ ಹೆದರುವ ಮಗುವಿನ ವಿಷಯದಲ್ಲಿ ಇದು ಸಲೀಸು. “ನಾನು ಖಂಡಿತ ಫೇಲಾಗ್ತೀನಿ” ಎಂಬುದಕ್ಕೆ ಆಧಾರ ಹುಡುಕಹೊರಟರೆ ಬಹಳ ಸಲ ಏನೂ ಸಿಗುವುದಿಲ್ಲ. ಆದರೆ “ಊಟದ ಹೊತ್ತಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ” ಎನ್ನುವ ಮಗುವಿಗೆ ಪುರಾವೆ ಕೇಳಿದರೆ ಬೇಕಾದಷ್ಟು ಕೊಡುತ್ತದೆ. ಅಲ್ಲಿ ಯೋಚನೆ ತಪ್ಪಿಲ್ಲ, ನಿಜಕ್ಕೂ ಯಾರೂ ಕೂರುವುದಿಲ್ಲ. “ನೀನೇ ಹಾಗಂದುಕೊಂಡಿರಬಹುದು, ಇನ್ನೊಮ್ಮೆ ಯೋಚಿಸು” ಎಂದು ಸಮಾಲೋಚಕರು ಅಂದುಬಿಟ್ಟರೆ ಅದು ಎರಡನೇ ಅವಮಾನ. ತರಗತಿಯಲ್ಲಿ ನಕ್ಕರು, ಇಲ್ಲಿ ನಂಬಲಿಲ್ಲ.

ನುರಿತವರು ಹಾಗಾಗಿ ಮೊದಲ ಕಾಲಂ ಮುಟ್ಟುವುದಿಲ್ಲ. ನಡೆದದ್ದು ನಡೆದಿದೆ, ಅದು ಅನ್ಯಾಯ ಎಂದು ಬಾಯಿಬಿಟ್ಟು ಹೇಳುತ್ತಾರೆ. ಅವರ ಕೆಲಸವಿರುವುದು ಎರಡನೆಯದರಲ್ಲಿ: “ನಾನು ಕಪ್ಪಗಿದ್ದೀನಿ, ಅದಕ್ಕೇ”, “ನಾನಿರೋದೇ ಹೀಗೆ”, “ನನ್ನಂಥೋಳಿಗೆ ಹೀಗೇ ಆಗ್ಬೇಕು”. ಅಮೆರಿಕದ ಸಂಶೋಧಕಿಯರಾದ ಸ್ಯಾಂಡ್ರಾ ಗ್ರಹಾಂ ಮತ್ತು ಯಾನಾ ಯುವೋನೆನ್ 1998ರಲ್ಲಿ ಇದೇ ವಯಸ್ಸಿನ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಪೀಡನೆಗೆ ತನ್ನ ಸ್ವಭಾವವೇ ಕಾರಣವೆಂದು ನಂಬುವುದಕ್ಕೂ ಒಂಟಿತನ, ಆತಂಕಗಳಿಗೂ ನಂಟು ಕಂಡುಬಂತು. ಗೇಲಿ ಮಾಡಿದವರು ಮನೆಗೆ ಹೋಗಿ ಮರೆತರೂ ಮಗು ಅವರ ಪರವಾಗಿ ತನ್ನನ್ನು ತಾನೇ ಹಂಗಿಸಿಕೊಳ್ಳುತ್ತಿರುತ್ತದೆ. ಸಿಬಿಟಿ ನಿಲ್ಲಿಸಬಲ್ಲದ್ದು ಆ ಒಳಗಿನ ಗೇಲಿಯನ್ನು. ಜೊತೆಗೆ ಯಾರಿಗೆ ಹೇಳಬೇಕು, ಹೇಗೆ ಉತ್ತರಿಸಬೇಕು ಎಂಬ ಅಭ್ಯಾಸವೂ ಉಂಟು, ಅದೂ ಉಪಯುಕ್ತವೇ.

ನನಗೆ ಕಳವಳವಿರುವುದು ಬೇರೆ ಕಡೆ. ಪೆಟ್ಟು ತಿಂದ ಮಗುವನ್ನು ಸಮಾಲೋಚಕರ ಕೋಣೆಗೆ ಕಳಿಸಿದ ಕೂಡಲೇ ಶಾಲೆ ಕೈತೊಳೆದುಕೊಳ್ಳುತ್ತದೆ. ಹಂಗಿಸಿದವರು ಆಟವಾಡುತ್ತಿರುತ್ತಾರೆ, ಹಂಗಿಸಿಕೊಂಡವಳು ಪಿ.ಟಿ. ಪಿರಿಯಡ್ ಬಿಟ್ಟು ಹಾಳೆ ತುಂಬುತ್ತಿರುತ್ತಾಳೆ. ಯಾರಿಗೆ ಚಿಕಿತ್ಸೆ ಬೇಕಿತ್ತು ಎಂಬ ಪ್ರಶ್ನೆಯನ್ನು ಕೇಳುವವರಿಲ್ಲ. (ಅಡ್ಡಹೆಸರು ಮೊದಲು ಹುಟ್ಟುವುದು ಎಷ್ಟೋ ಸಲ ಮೇಷ್ಟ್ರ ಬಾಯಲ್ಲೇ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ ಎಂಬುದನ್ನು ಸ್ಟಾಫ್ ರೂಮಿನಲ್ಲಿ ಒಮ್ಮೆ ಓದಿ ಹೇಳಬೇಕು.)

ಇಡೀ ಶಾಲೆಯೇ ಹೊಣೆ ಹೊತ್ತ ಉದಾಹರಣೆಯೂ ಇದೆ. ನಾರ್ವೆಯಲ್ಲಿ 1982ರಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಪೀಡನೆಯೇ ಕಾರಣವೆಂದು ದೇಶ ತಲ್ಲಣಿಸಿತು. ಮರುವರ್ಷ ಸರ್ಕಾರವೇ ಆಂದೋಲನ ಆರಂಭಿಸಿತು. ಆಗ ಬರ್ಗೆನ್ನಿನ ಮನೋವಿಜ್ಞಾನಿ ಡಾನ್ ಓಲ್ವೇಸ್ ರೂಪಿಸಿದ ಕಾರ್ಯಕ್ರಮ ಹಿಡಿದದ್ದು ಇಡೀ ಶಾಲೆಯನ್ನು: ಶಿಕ್ಷಕರು, ಆಟದ ಮೈದಾನದ ಮೇಲ್ವಿಚಾರಣೆ, ತರಗತಿಯ ನಿಯಮ, ಪೋಷಕರು. ಪೀಡನೆಯೆಂದರೆ ಮತ್ತೆ ಮತ್ತೆ ನಡೆಯುವ, ಬಲಾಬಲದ ಅಂತರವಿರುವ ಹಿಂಸೆ ಎಂದು ವಿವರಿಸಿದವರೂ ಅವರೇ. ಬಲದ ಅಂತರವೇ ಮೂಲವಾದಾಗ ದುರ್ಬಲರ ಯೋಚನೆಯನ್ನಷ್ಟೇ ತಿದ್ದಿದರೆ ಹೇಗೆ ಸಾಲುತ್ತದೆ?

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ‘ಕಿವಾ’ ಎಂಬ ಪೀಡನೆ ತಡೆ ಕಾರ್ಯಕ್ರಮವು ಪೀಡನೆಯನ್ನು ನೋಡುತ್ತ ನಿಂತವರ ಮೇಲೆ ಗಮನವಿಟ್ಟಿತು, ಫಲ ಕಂಡಿತು. ಆದರೆ ಅದನ್ನು ರೂಪಿಸಿದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ಒಂದು ಕಹಿ ಸಂಗತಿಯನ್ನೂ ಕಂಡರು. ಪೀಡನೆ ಕಡಿಮೆಯಾದ ತರಗತಿಯಲ್ಲಿ ಇನ್ನೂ ಪೀಡನೆಗೊಳಗಾಗುವ ಒಂದಿಬ್ಬರ ನೋವು ಇತರೆಡೆಗಿಂತ ಹೆಚ್ಚಾಗಿರಬಹುದು. ಎಲ್ಲರೂ ಚೆನ್ನಾಗಿರುವಾಗ ನನಗೊಬ್ಬಳಿಗೇ ಹೀಗಾದರೆ ತಪ್ಪು ನನ್ನದೇ ಇರಬೇಕು ಎಂದು ಆ ಮಗು ಯೋಚಿಸುತ್ತದೆ. ಅಲ್ಲಿಗೆ ಮತ್ತೆ ಕಾಗದ, ಪೆನ್ಸಿಲ್, ಸಮಾಲೋಚಕರು ಬೇಕೇ ಬೇಕು. ಒಂದಿದ್ದರೆ ಇನ್ನೊಂದು ಬೇಡವೆಂಬ ವಾದ ಹೀಗಾಗಿ ನಿಲ್ಲುವುದಿಲ್ಲ.

ನಿಮ್ಮ ಮಗು ಇಂಥದ್ದೇನಾದರೂ ಹೇಳಿದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ, ನಂಬಿ. ಸಮಾಲೋಚಕರ ಬಳಿ ಕರೆದೊಯ್ಯಿರಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಅದೇ ವಾರ ಶಾಲೆಗೂ ಹೋಗಿ, ಆ ತರಗತಿಯಲ್ಲಿ ಏನು ಬದಲಾಯಿಸುತ್ತೀರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.