ತೂಕಕ್ಕೆ ಹೋಗುವ ಕಂಚು

ಗೌರಿಹಬ್ಬ ಹತ್ತಿರವಾದರೆ ಕೋಣನಕುಂಟೆಯಂಥ ಕಡೆ ಪಾತ್ರೆ ಅಂಗಡಿಯ ತಕ್ಕಡಿಗೆ ಬಿಡುವಿಲ್ಲ. ಅಟ್ಟದಿಂದ ಇಳಿದ ಹಂಡೆ, ಚೊಂಬು, ಬಟ್ಟಲುಗಳು ಒಂದೇ ಚೀಲದಲ್ಲಿ ಬಂದು, ಹಳೇ ಹಿತ್ತಾಳೆಯೆಂದು ತೂಗಿಸಿಕೊಂಡು ಸ್ಟೀಲಾಗಿ ಮನೆಗೆ ಮರಳುತ್ತವೆ. ಅವುಗಳ ನಡುವೆ ಕಂಚಿನ ಬಟ್ಟಲೊಂದು ಕಂಡರೆ ನನಗೆ ಸಂಕಟ.

ಹಿತ್ತಾಳೆ ತಾಮ್ರಕ್ಕೆ ಸತು ಬೆರೆತದ್ದು. ಹುಳಿ ಸೋಕಿದರೆ ಕಿಲುಬು ಬಿಡುತ್ತದೆ. ಅದಕ್ಕೇ ಒಳಮೈಗೆ ತವರದ ಕಲಾಯಿ. ಕಂಚಿಗೆ ಆ ಹಂಗಿಲ್ಲ, ತವರ ಅದರ ಒಳಗೇ ಇದೆ. ಬೆರಳಲ್ಲಿ ತಟ್ಟಿದರೆ ಜಾಗಟೆಯಂತೆ ಬಹಳ ಹೊತ್ತು ಅನುರಣಿಸುತ್ತದೆ.

ಇಂಥ ಬಟ್ಟಲು ಮಾಡುವ ವಿದ್ಯೆ ದೊಡ್ಡದು. ತವರ ಐದರಲ್ಲೊಂದು ಪಾಲು ದಾಟಿದರೆ ಲೋಹ ಗಾಜಿನಂತೆ ಪೆಡಸು. ಕೆಂಪಗೆ ಕಾದಿರುವಾಗಲೇ ಬಡಿಯಬೇಕು, ಕೆಂಪಗಿರುವಾಗಲೇ ನೀರಿಗೆ ಅದ್ದಬೇಕು. ನಿಧಾನವಾಗಿ ಆರಿದರೆ ಒಂದೇ ಏಟಿಗೆ ಸೀಳು. ಬೆಂಗಳೂರಿನ ವಿದ್ವಾಂಸೆ ಶಾರದಾ ಶ್ರೀನಿವಾಸನ್ ಕೇರಳದ ಕುಲುಮೆಗಳಲ್ಲಿ ಈ ಕ್ರಮವನ್ನು ಕಂಡು ದಾಖಲಿಸಿದ್ದಾರೆ. ಕೊರಿಯಾದವರ 'ಬಾಂಗ್‌ಜಾ ಯುಗಿ' ಎಂಬ ಬಡಿದು ಮಾಡಿದ ಕಂಚಿನ ಪಾತ್ರೆಗಳದೂ ಇದೇ ಹದ: 78 ಪಾಲು ತಾಮ್ರ, 22 ಪಾಲು ತವರ. ಅಷ್ಟು ದೂರದ ಎರಡು ನಾಡಿನ ಸುತ್ತಿಗೆಗಳು ಒಂದೇ ಲೆಕ್ಕಕ್ಕೆ ಬಂದು ನಿಂತದ್ದು ನನಗೆ ಮುಗಿಯದ ಬೆರಗು.

ಕೊರಿಯಾದಲ್ಲಿಯೂ ಅನ್ನದ ಬಟ್ಟಲು, ಚಮಚ, ಹಿರಿಯರಿಗೆ ಎಡೆಯಿಡುವ ಪಾತ್ರೆ ಎಲ್ಲ ಇದೇ ಲೋಹದ್ದು. ಜಪಾನಿನ ಆಳ್ವಿಕೆಯಲ್ಲಿ, ಯುದ್ಧದ ಮದ್ದುಗುಂಡಿಗೆಂದು ಮನೆಮನೆಯ ಪಾತ್ರೆಗಳನ್ನು ಕಿತ್ತೊಯ್ದರು. ಆಮೇಲೆ ಕಲ್ಲಿದ್ದಲ ಬಿಲ್ಲೆಯ ಒಲೆ ಬಂತು. ಅದರ ಹೊಗೆಗೆ ಪಾತ್ರೆ ಕಪ್ಪಿಟ್ಟಿತು, ತಿಕ್ಕಿ ಸಾಕಾದ ಹೆಂಗಸರು ಸ್ಟೀಲಿಗೆ ಒಲಿದರು. ಅವರನ್ನು ದೂರುವುದು ಅನ್ಯಾಯ. 1983ರಲ್ಲಿ ಸರಕಾರ ಈ ಕಸುಬನ್ನು ನಾಡಿನ ಪರಂಪರೆಯೆಂದು ಗುರುತಿಸಿತು. ಈಗ ಅಲ್ಲಿನ ಒಳ್ಳೆಯ ಹೋಟೆಲುಗಳಲ್ಲಿ ಬಿಸಿ ಅನ್ನ ಮತ್ತೆ ಕಂಚಿನಲ್ಲಿ ಬರುತ್ತದೆ.

ನಮ್ಮಲ್ಲಿ ಉಳಿದದ್ದು ದೇವರ ಮನೆಯಲ್ಲಿ: ಗಂಟೆ, ಜಾಗಟೆ, ಎಲ್ಲೋ ಒಂದು ಬಟ್ಟಲು. ಅಷ್ಟು ಸಾಲದು ಎಂದೇ ನನ್ನ ನಂಬಿಕೆ. ನಿತ್ಯ ಊಟಕ್ಕೆ ಕೂರದ ಪಾತ್ರೆಯನ್ನು ಮುಂದಿನ ತಲೆಮಾರು ಗುರುತು ಹಿಡಿಯುವುದಿಲ್ಲ, ಗುರುತಿಲ್ಲದ್ದು ತಕ್ಕಡಿಗೆ ಹೋಗುತ್ತದೆ. ಚೀಲ ಕಟ್ಟುವ ಮುನ್ನ ಒಂದೊಂದನ್ನೂ ತಟ್ಟಿ ನೋಡಿ. ಉಲಿದದ್ದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಅದರಲ್ಲೇ ಮಕ್ಕಳಿಗೆ ಅನ್ನ ಕಲಸಿಕೊಡಿ. ಕೈಜಾರಿದರೆ ಬಿರುಕು ಬಿಟ್ಟೀತು, ಜೋಪಾನ.