ಹುಟ್ಟಿಸಿದವರ ಹೊಣೆ

ಪ್ರಾಣಿಯನ್ನು ಕೊಲ್ಲುವುದು ಸರಿಯೋ ತಪ್ಪೋ ಎಂದು ನಾವು ಹಳ್ಳಿಯವರು ಮೊದಲಿನಿಂದ ವಾದ ಮಾಡುತ್ತ ಬಂದಿದ್ದೇವೆ. ಅದನ್ನು ಹುಟ್ಟಿಸುವುದು ಸರಿಯೋ ತಪ್ಪೋ ಎಂದು ಕೇಳಿದವರು ಕಡಿಮೆ. ಹುಟ್ಟು ಎಂದರೆ ಶುಭ, ಅದರಲ್ಲಿ ತಪ್ಪೇನು ಬಂತು ಎಂಬುದು ನಮ್ಮ ತಿಳಿವಳಿಕೆ. ಮನೆಯಲ್ಲಿ ಮೊಲ ಸಾಕುವ ವಿಷಯಕ್ಕೆ ಬಂದರೆ ಈ ತಿಳಿವಳಿಕೆ ಸಾಲದು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಓಣಿಯಲ್ಲಿ ಮೂರು ಮನೆಯವರು ಬಿಳಿ ಮೊಲ ಸಾಕಿದ್ದಾರೆ. ಒಂದು ಮನೆಯ ತಾಯಿ ಮಾಂಸಕ್ಕೆ ಮಾರುತ್ತಾಳೆ. ಎರಡನೆಯ ಮನೆಯವರು ಮಕ್ಕಳ ಆಸೆಗೆ ತಂದವರು. ಮರಿಯಾದರೆ ಕೇಳಿದವರಿಗೆಲ್ಲ ಪುಗಸಟ್ಟೆ ಕೊಡುತ್ತಾರೆ. ಮೂರನೆಯವರು ಮರಿ ಹೆಚ್ಚಾದಾಗ ಹೊಲದ ಕಡೆ ಬಿಟ್ಟು ಬರುತ್ತಾರೆ. "ನಾವು ಒಂದನ್ನೂ ಕೊಂದಿಲ್ಲರೀ, ದೇವರು ನೋಡ್ಯಾನ" ಎನ್ನುತ್ತಾರೆ ಇವರು. "ಕುರಿ ಕೋಳಿ ತಿನ್ನೋ ಊರಾಗ ಮೊಲಕ್ಕ ಏನು ಬ್ಯಾರೆ ನ್ಯಾಯ?" ಎನ್ನುತ್ತಾಳೆ ಆ ತಾಯಿ. ಮೂರೂ ಮನೆಯವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ಇವರಲ್ಲಿ ಯಾರದು ಸರಿ ಎಂದು ಹೇಳುವ ಮುಂಚೆ ಈ ಪ್ರಾಣಿ ಯಾವುದು ಎಂಬುದನ್ನು ತಿಳಿಯಬೇಕು.

ಮಕ್ತಲ್, ಗದ್ವಾಲ, ನಾರಾಯಣಪೇಟೆ ಕಡೆಯ ನಮ್ಮ ಊರುಗಳಲ್ಲಿ ಮೂರು ಭಾಷೆ ಆಡುತ್ತೇವೆ. ಕನ್ನಡದಲ್ಲಿ ಮೊಲ, ತೆಲುಗಿನಲ್ಲಿ ಕುಂದೇಲು, ಉರ್ದುವಿನಲ್ಲಿ ಖರಗೋಶ್. ಮೂರರಲ್ಲೂ ಹೊಲದ ಮೊಲಕ್ಕೂ ಗೂಡಿನ ಮೊಲಕ್ಕೂ ಒಂದೇ ಹೆಸರು. ಇಂಗ್ಲಿಷಿನಲ್ಲಿ ಹೊಲದ್ದು ಹೇರ್, ಗೂಡಿನದು ರ‍್ಯಾಬಿಟ್. ಹೆಸರು ಒಂದಾದರೂ ಜಾತಿ ಬೇರೆ. ನಮ್ಮ ಜೋಳದ ಹೊಲದ ಮೊಲ ಬಯಲಲ್ಲೇ ಮರಿ ಹಾಕುತ್ತದೆ. ಆ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಗೂಡಿನ ಮೊಲದ ಮೂಲ ಸ್ಪೇನ್ ಕಡೆ. ಅದರ ಹಿರಿಯರು ನೆಲದಲ್ಲಿ ಬಿಲ ತೋಡಿ ಬದುಕಿದವು. ಅದರ ಮರಿ ಬೋಳು ಮೈಯಲ್ಲಿ, ಮುಚ್ಚಿದ ಕಣ್ಣಲ್ಲಿ ಹುಟ್ಟುತ್ತದೆ. ಕಣ್ಣು ಬಿಡಲು ಸುಮಾರು 10 ದಿನ ಬೇಕು. ಇವೆರಡನ್ನು ಕೂಡಿಸಿದರೂ ಸಂತಾನವಾಗುವುದಿಲ್ಲ. ಹೊಲದ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅದನ್ನು ಬೇಟೆಯಾಡುವುದು ಅಪರಾಧ. ಗೂಡಿನದಕ್ಕೆ ನಮ್ಮ ನೆಲದಲ್ಲಿ ಸಾಕಿದವರನ್ನು ಬಿಟ್ಟರೆ ಬೇರೆ ಆಸರೆ ಇಲ್ಲ.

ಆದ್ದರಿಂದ "ಬಿಟ್ಟು ಬಂದೆ" ಎಂಬ ಮಾತು ದಯೆಯ ಮಾತಲ್ಲ. ಕರಿ ಮಣ್ಣಿನ ಹೊಲದಲ್ಲಿ ಬಿಳಿ ಮೊಲ ದೂರದಿಂದಲೇ ಕಾಣುತ್ತದೆ. ಬಿಲ ತೋಡಿ ಗೊತ್ತಿಲ್ಲ, ನಾಯಿ ಕಂಡರೆ ಎತ್ತ ಓಡಬೇಕೆಂದು ಗೊತ್ತಿಲ್ಲ. ಬೆಳಗಾಗುವುದರೊಳಗೆ ಅದರ ಕತೆ ಮುಗಿದಿರುತ್ತದೆ. ಕೊಂದದ್ದು ನಾಯಿ ಎಂದು ಸಾಕಿದವರು ಸಮಾಧಾನಪಟ್ಟುಕೊಳ್ಳಬಹುದು, ನಾಯಿಯ ಬಾಯಿಗೆ ಒಯ್ದು ಇಟ್ಟವರು ತಾವೇ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಯಿಂದ ನರಳುವ ಹಾಗೆ ಬಿಟ್ಟುಬಿಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಅಪರಾಧವೆಂದೇ ಎಣಿಸುತ್ತದೆ. ಬಿಟ್ಟದ್ದು ಬದುಕಿಕೊಂಡರೆ ಇನ್ನೊಂದು ಬಗೆಯ ಕೇಡು. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಒಬ್ಬ ಜಮೀನುದಾರ ಬೇಟೆಯ ಶೋಕಿಗೆ ಸುಮಾರು ಎರಡು ಡಜನ್ ಮೊಲ ತರಿಸಿ ಬಿಟ್ಟ. ಅವು ಆ ದೇಶದ ಬಹುಭಾಗಕ್ಕೆ ಹರಡಿ ಹುಲ್ಲು ಬೆಳೆ ಎಲ್ಲ ಮೇಯ್ದವು. ಕಡೆಗೆ 1950ರಲ್ಲಿ ಅಲ್ಲಿನವರು ಅವನ್ನು ಕೊಲ್ಲಲೆಂದೇ ಒಂದು ರೋಗವನ್ನು ಹಬ್ಬಿಸಿದರು. ಒಬ್ಬನ ಶೋಕಿಯ ಸಾಲವನ್ನು ಕೋಟಿಗಟ್ಟಲೆ ಮೊಲಗಳು ತೀರಿಸಿದವು.

ಈಗ ಹುಟ್ಟಿನ ಮಾತಿಗೆ ಬರೋಣ. ಆಕಳಿಗೆ ಇಷ್ಟು ದಿನಕ್ಕೊಮ್ಮೆ ಬೆದೆ ಬರುತ್ತದೆ. ಹೆಣ್ಣು ಮೊಲಕ್ಕೆ ಅಂಥ ಕಟ್ಟುನಿಟ್ಟಾದ ಲೆಕ್ಕವಿಲ್ಲ. ಗಂಡು ಕೂಡಿದ ಮೇಲೆಯೇ ಅದರ ಹೊಟ್ಟೆಯಲ್ಲಿ ಅಂಡ ಬಿಡುಗಡೆಯಾಗುತ್ತದೆ. ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಅಂದರೆ ಇದಕ್ಕೆ ತಡೆ ಹಾಕುವ ಕೆಲಸವನ್ನು ಪ್ರಕೃತಿ ಮಾಡಿಲ್ಲ, ಅದು ಸಾಕುವವರ ಕೈಯಲ್ಲಿದೆ. ಒಂದು ಸೂಲಿಗೆ 6 ಮರಿ, ವರ್ಷಕ್ಕೆ 5 ಸೂಲು ಎಂದು ಹಿಡಿದರೂ ಒಂದು ತಾಯಿಗೆ 30 ಮರಿ. ಅದರಲ್ಲಿ 15 ಹೆಣ್ಣು ಉಳಿದು ಅವೂ ಹಾಗೇ ಹಾಕಿದರೆ ಮರುವರ್ಷ 450. ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕ ಇದು. 450 ಮೊಲಕ್ಕೆ ನೆರಳು, ನೀರು, ಮೇವು ಕೊಡುವ ಮನೆಗಳು ಯಾವ ಊರಿನಲ್ಲಿವೆ?

ನೆರಳು ಎಂಬ ಮಾತು ನಮ್ಮ ಸೀಮೆಯಲ್ಲಿ ಸಣ್ಣದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊಲಕ್ಕೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಶಾಖ ಹೊರಹಾಕುವುದು ಮುಖ್ಯವಾಗಿ ಕಿವಿಯಿಂದ. 30 ಡಿಗ್ರಿ ದಾಟಿದರೇ ಅದಕ್ಕೆ ಸಂಕಟ ಶುರು. ತಗಡಿನ ಕೆಳಗಿನ ಗೂಡು ಮಧ್ಯಾಹ್ನ ಒಲೆಯಾಗುತ್ತದೆ. ಮಣ್ಣಿನ ಮಾಳಿಗೆಯ ಮನೆ, ಬೇವಿನ ನೆರಳು, ಗೂಡಿನ ಸುತ್ತ ನೆನೆಸಿದ ಗೋಣಿಚೀಲ, ದಿನಾಲೂ ತಣ್ಣನೆ ನೀರು ಇದ್ದರೆ ತಡೆದೀತು. ಕುರಿ ಹಸಿದರೆ ಒದರುತ್ತದೆ, ಕೋಳಿ ಕೂಗಿ ಓಣಿ ಎಬ್ಬಿಸುತ್ತದೆ. ಮೊಲ ಸುಮ್ಮನಿರುತ್ತದೆ. ಬೇಟೆಯಾಗುವ ಪ್ರಾಣಿ ತನ್ನ ನೋವನ್ನು ಬಚ್ಚಿಟ್ಟುಕೊಳ್ಳುತ್ತದೆ. ಮೇವು ಬಿಟ್ಟದ್ದು, ಹಿಕ್ಕೆ ನಿಂತದ್ದು ನಮ್ಮ ಕಣ್ಣಿಗೆ ಬೀಳಬೇಕು. ದೂರು ಹೇಳದವರ ಬಗ್ಗೆ ನಮಗೆ ಹೊಣೆ ಕಡಿಮೆ ಎಂದುಕೊಳ್ಳುವುದು ಮನುಷ್ಯ ಸ್ವಭಾವ. ನ್ಯಾಯವಾಗಿ ನೋಡಿದರೆ ಹೆಚ್ಚಾಗಬೇಕು.

ಮಾಂಸಕ್ಕೆ ಸಾಕುವ ತಾಯಿಯ ಮಾತನ್ನೂ ಪೂರ್ತಿ ಕೇಳಬೇಕು. "ಕುರಿ ತರೋಕ ನಮ್ಮ ಹತ್ರ ರೊಕ್ಕ ಎಲ್ಲದ ಸರ? ಇವಕ್ಕ ಬದುವಿನ ಹುಲ್ಲು, ಶೇಂಗಾ ಬಳ್ಳಿ ಸಾಕು, ಮಗಳ ಫೀಸ್ ಕಟ್ತೀನಿ. ನಾನು ಸಾಕಲಿಲ್ಲಂದ್ರ ಅವು ಹುಟ್ಟತಿದ್ದವೇನು? ನಾಕು ತಿಂಗಳು ತಿಂದು ಆಡಿ ಹೋದ್ವಲ್ಲ." ಆಕೆಯ ಬಡತನದ ಮಾತಿಗೆ ನಾನು ಎದುರಾಡುವುದಿಲ್ಲ. ಮಾಂಸ ತಿನ್ನುವುದು ತಪ್ಪೆನ್ನುವವರ ನಂಬಿಕೆ ಅವರಿಗಿರಲಿ, ಆ ವಾದವನ್ನು ಇಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ಆದರೆ "ನಾನೇ ಜೀವ ಕೊಟ್ಟೆ" ಎಂಬ ಮಾತನ್ನು ಬಿಡಿಸಿ ನೋಡಬೇಕು.

ನಮ್ಮ ತರ್ಕಶಾಸ್ತ್ರದವರು ಇಲ್ಲದ ವಸ್ತುವಿಗೆ ಉದಾಹರಣೆಯಾಗಿ ಮೊಲದ ಕೊಂಬನ್ನು ಹೇಳುತ್ತಾರೆ. ಹುಟ್ಟದ ಮರಿಯೂ ಮೊಲದ ಕೊಂಬಿನ ಹಾಗೇ. ಅದು ಎಲ್ಲೋ ಕೂತು "ನನ್ನನ್ನು ಹುಟ್ಟಿಸ್ರಿ" ಎಂದು ಬೇಡುತ್ತಿಲ್ಲ. ಹುಟ್ಟಿಸದೆ ಇದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಏಕೆಂದರೆ ಅನ್ಯಾಯ ಅನುಭವಿಸಲು ಅಲ್ಲಿ ಯಾರೂ ಇಲ್ಲ. ಗಾಂಧೀಜಿ ಲಂಡನ್ನಿನಲ್ಲಿ ಓದುವಾಗ ಹೆನ್ರಿ ಸಾಲ್ಟ್ ಎಂಬವರ ಸಸ್ಯಾಹಾರದ ಪುಸ್ತಕ ಅವರ ಮನಸ್ಸಿನ ಮೇಲೆ ಪರಿಣಾಮ ಮಾಡಿತು. ಅದೇ ಸಾಲ್ಟ್ 1914ರಲ್ಲಿ ಈ ವಾದಕ್ಕೇ ಉತ್ತರ ಬರೆದರು: ಇನ್ನೂ ಇಲ್ಲದ ಜೀವಿಗೆ ಉಪಕಾರ ಮಾಡಿದೆವು ಎಂದು ಲೆಕ್ಕ ಬರೆಯಲು ಬರುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಹುಟ್ಟಿದ ಮರುಗಳಿಗೆಯಿಂದ ಮಾತ್ರ ಎಲ್ಲ ಬದಲಾಗುತ್ತದೆ. ಈಗ ಹಸಿಯುವ, ಹೆದರುವ, ಸೆಕೆಗೆ ಏದುಸಿರು ಬಿಡುವ ಒಂದು ಜೀವ ಇದೆ. "ನಾನೇ ಹುಟ್ಟಿಸಿದ್ದೀನಿ, ಉಪವಾಸ ಕೆಡವುತೀನಿ" ಎಂದು ಹೆತ್ತವರು ಹೇಳಿದರೆ ನಾವು ಒಪ್ಪುತ್ತೇವೆಯೇ? ಹುಟ್ಟಿಸಿದ್ದರಿಂದ ಹಕ್ಕು ಬರುವುದಿಲ್ಲ, ಹೊಣೆ ಬರುತ್ತದೆ.

ಹೀಗೆ ನೋಡಿದರೆ ಮೂರು ಮನೆಗಳ ತೂಕ ಬೇರೆಯಾಗುತ್ತದೆ. ಆ ತಾಯಿ ಪ್ರತಿ ಮರಿ ಎಲ್ಲಿಗೆ ಹೋಗುತ್ತದೆಂದು ಮೊದಲೇ ಬಲ್ಲಳು, ಅದು ದೊಡ್ಡ ಮಾತು. ಆದರೆ ಕತ್ತಿಯ ಪ್ರಶ್ನೆ ಒಂದು ದಿನದ್ದು, ಗೂಡಿನ ಪ್ರಶ್ನೆ ದಿನದಿನದ್ದು. ಆ ನಾಲ್ಕು ತಿಂಗಳು ತಂತಿಯ ತಳದ ಮೇಲೆ ಕಾಲು ಹುಣ್ಣಾಗಿ, ತಗಡಿನ ಕೆಳಗೆ ಬೆಂದು ಕಳೆದರೆ "ತಿಂದು ಆಡಿ ಹೋದ್ವು" ಎಂಬ ಮಾತು ನಿಲ್ಲುವುದಿಲ್ಲ. ಕೂಡಲು ಒಂದು ಹಲಗೆ, ನೆರಳು, ಬೂಸ್ಟು ಹಿಡಿಯದ ಮೇವು ಆಕೆಯ ಕೈಗೂ ಎಟಕುವಂಥವು. ಪುಗಸಟ್ಟೆ ಕೊಡುವ ಮನೆಯವರದು ಒಳ್ಳೆ ಮನಸ್ಸು. ಆದರೆ ಚೆನ್ನಾಗಿ ಸಾಕಿದರೆ ಮೊಲ 8–10 ವರ್ಷ ಬದುಕುತ್ತದೆ. ನಾಲ್ಕನೆಯ ತರಗತಿಯಲ್ಲಿ ಮರಿ ಪಡೆದ ಹುಡುಗಿ ಇಂಟರ್ ಮುಗಿಸುವ ತನಕ ಅದು ಇರುತ್ತದೆ. ಆಡುವ ಆಸೆ ಒಂದು ತಿಂಗಳಿಗೆ ತೀರಿದರೆ ಉಳಿದ ವರ್ಷಗಳು ಯಾರವು? ಇನ್ನು, ಒಂದನ್ನೂ ಕೊಂದಿಲ್ಲ ಎನ್ನುವ ಮನೆಯದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿ ಕಾಣುವುದು. ಅವರು ಹುಟ್ಟಿಸುವ ಸಂತೋಷವನ್ನು ತಾವು ಇಟ್ಟುಕೊಂಡು ಸಾವನ್ನು ಹೊಲಕ್ಕೆ ಕಳಿಸಿದ್ದಾರೆ.

ಶಾಲೆಯ ಗುರುಗಳಿಗೆ ಒಂದು ವಿನಂತಿ. ಪ್ರಾಣಿದಯೆಯ ಪಾಠ ಮಾಡುವಾಗ ಕೊಲ್ಲಬಾರದು, ಹೊಡೆಯಬಾರದು ಎಂಬಲ್ಲಿಗೇ ನಿಲ್ಲಿಸಬೇಡಿರಿ. ಮೊಲ ಸಾಕಿದ ಮಕ್ಕಳಿಗೆ ಒಂದು ಚಿಕ್ಕ ಕೆಲಸ ಕೊಡಿರಿ: ಗಂಡು ಹೆಣ್ಣು ಕೂಡಿಸುವ ಮುಂಚೆ ಒಂದು ಹಾಳೆಯಲ್ಲಿ 6 ಸಾಲು ಎಳೆದು, ಹುಟ್ಟುವ ಒಂದೊಂದು ಮರಿ ಯಾರ ಮನೆಗೆ, ಯಾವ ನೆರಳಿಗೆ, ಯಾವ ಕೆಲಸಕ್ಕೆ ಎಂದು ಬರೆಯಲಿ. ದೊಡ್ಡವರೂ ಬರೆಯಲಿ. ಸಾಲು ತುಂಬಿದರೆ ಕೂಡಿಸಬಹುದು. ತುಂಬದಿದ್ದರೆ ಗಂಡು ಹೆಣ್ಣನ್ನು ಬೇರೆ ಬೇರೆ ಗೂಡಿನಲ್ಲಿಡಬೇಕು. ಮರಿಗಳನ್ನೂ ಮೂರು ತಿಂಗಳು ತುಂಬುವುದರೊಳಗೆ ಹಾಗೇ ಬೇರ್ಪಡಿಸಬೇಕು. ಇದಕ್ಕೆ ಒಂದು ಹೆಚ್ಚಿನ ಗೂಡಿನ ಖರ್ಚು ಬರುತ್ತದೆ, ಅಷ್ಟೇ. ಬೇರೆ ಯಾರಿಗೂ ನಷ್ಟವಿಲ್ಲ, ಹುಟ್ಟದೆ ಉಳಿದ ಮರಿಗಂತೂ ಇಲ್ಲವೇ ಇಲ್ಲ.