ಕಳುಹಿಸಿಕೊಡುವುದೂ ಅರ್ಪಣೆಯೇ



ಬೇಸಿಗೆ ಮುಗಿಯುತ್ತ ಬಂದಂತೆ ಎಷ್ಟೋ ಮನೆಗಳಲ್ಲಿ ಕಿರಿಯ ಮಗನ ಪೆಟ್ಟಿಗೆ ಸಿದ್ಧವಾಗುತ್ತದೆ. ಚಟ್ನಿಪುಡಿ ಕಟ್ಟುವ ತಾಯಿಗೆ ಒಂದೇ ಚಿಂತೆ: ಹಾಸ್ಟೆಲಿನಲ್ಲಿ ಇವನು ಸಂಧ್ಯಾವಂದನೆ ಮಾಡುವನೇ?

ಪಾಜಕದ ಆ ತಾಯಿಯನ್ನು ಸ್ಮರಿಸೋಣ. ಸಂನ್ಯಾಸಕ್ಕೆ ಮನಮಾಡಿದ ಶ್ರೀಮದಾಚಾರ್ಯರು ತಮ್ಮನು ಹುಟ್ಟುವವರೆಗೆ ಕಾದರು. ಬಳಿಕ, ಅನುಮತಿಯಿತ್ತರೆ ಮಾತ್ರ ಮುಂದೆ ತಮ್ಮನ್ನು ಕಾಣಬಹುದೆಂದು ತಾಯಿಗೆ ತಿಳಿಸಿದರೆಂದು ಸುಮಧ್ವವಿಜಯವು ಹೇಳುತ್ತದೆ. ಆಕೆ ಒಪ್ಪಿದಳು. ಬಿಟ್ಟುಕೊಟ್ಟದ್ದರಿಂದಲೇ ಮಗನು ಕಾಣಸಿಕ್ಕನು. ಜಗತ್ತಿಗೆ ಗುರುವೂ ದೊರೆತನು.

ನಮ್ಮ ಮಕ್ಕಳು ಹೊರಟಿರುವುದು ಓದಿಗಾಗಿ, ನಿಜ. ಆದರೂ ಸ್ವತಂತ್ರನು ಶ್ರೀಹರಿಯೊಬ್ಬನೇ. ಮಗನು ನಮ್ಮ ಸೊತ್ತಲ್ಲ, ಆತನು ನಮ್ಮಲ್ಲಿರಿಸಿದ ನ್ಯಾಸ. ಮಗನ ಹೃದಯದಲ್ಲಿರುವ ಬಿಂಬರೂಪಿಯು ಅವನೊಡನೆಯೇ ಪಯಣಿಸುವನು. ಪೆಟ್ಟಿಗೆಯಲ್ಲಿ ಪಂಚಪಾತ್ರೆ, ಗೋಪೀಚಂದನಗಳನ್ನಿಡಿ, ದೂರವಾಣಿಯಲ್ಲಿ ಗದರಿಸದಿರಿ. ಮನೆಯಲ್ಲಿ ನಿಮ್ಮ ಪೂಜೆಯು ತಪ್ಪದಿರಲಿ. ಕಂಡು ಬೆಳೆದದ್ದು ಅವನನ್ನು ಕೈಬಿಡದು.

ಶ್ರೀಕೃಷ್ಣಾರ್ಪಣಮಸ್ತು.